ಎರಡು ಲಾಂಡ್ರಿಗೆ ಒಂದೇ ‘ಹೂಂ’

ಕೈ ಸೋಪಾದರೆ ಬಾಯಿ ನೊರೆ ಎಂದು ಗಾದೆ. ಅಂಥ ಗಾದೆ ಇಲ್ಲವಲ್ಲ ಎನ್ನುವವರು ಇವತ್ತಿನಿಂದ ಇದೆ ಎಂದುಕೊಳ್ಳಿ. ಗಾದೆಗಳೆಲ್ಲ ಒಂದು ಕಾಲಕ್ಕೆ ಯಾರೋ ಸೋಮಾರಿ ಜಗಲಿಯ ಮೇಲೆ ಕೂತು ಆಡಿದ ಮಾತುಗಳೇ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ನನ್ನ ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಒಂದೆರಡು ಕಡೆ ಸುಕ್ಕು ಬಿಡಿಸಿರಬಹುದು, ಬಣ್ಣ ಮಾತ್ರ ಹಾಕಿಲ್ಲ.

ನನ್ನ ಅಕ್ಕ ಲಾಂಡ್ರಿ ಶುರು ಮಾಡಿದ್ದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಒಂದು ಹಳೆಯ ಮೆಷಿನ್ನು, ಜೊತೆಗೆ ನಮ್ಮ ದೊಡ್ಡಪ್ಪನ ಮಗ. ಮೆಷಿನ್ನು ಒಗೆಯುತ್ತಿತ್ತು, ಅಣ್ಣ ಇಸ್ತ್ರಿ ಮಾಡುತ್ತಿದ್ದ, ಅಕ್ಕ ಇಬ್ಬರನ್ನೂ ಬೈಯುತ್ತಿದ್ದಳು. ಮೆಷಿನ್ನು ಬೈಸಿಕೊಂಡು ಸುಮ್ಮನಿತ್ತು. ಅಣ್ಣ ಒಂದು ದಿನ ಬಿಟ್ಟು ಹೋದ. ಅಕ್ಕ ಹಿಂದೆ ತಿರುಗಿ ನೋಡಲಿಲ್ಲ. ಪಕ್ಕದ ಬೀದಿಯ ಸಣ್ಣ ಕ್ಲಿನಿಕ್ಕಿನ ಬಟ್ಟೆ ಒಗೆಯುತ್ತಿದ್ದವಳು ಊರಿನ ದೊಡ್ಡ ಆಸ್ಪತ್ರೆಯ ಬಟ್ಟೆ ಹಿಡಿದಳು. ಶೆಡ್ಡು ಬಂತು, ಬಾಯ್ಲರ್ ಬಂತು, ವ್ಯಾನು ಬಂತು, ಊರಿನ ಇನ್ನೊಂದು ತುದಿಯಲ್ಲಿ ಎರಡನೇ ಲಾಂಡ್ರಿಯೂ ಬಂತು. ಬಾರದೇ ಉಳಿದದ್ದು ಎರಡನೇ ‘ಹೂಂ’ ಒಂದೇ.

ನಮ್ಮಲ್ಲಿ ಯಾವ ಕೆಲಸವೂ ಅಕ್ಕ ‘ಹೂಂ’ ಅನ್ನದೆ ನಡೆಯುತ್ತಿರಲಿಲ್ಲ. ಆ ‘ಹೂಂ’ನಲ್ಲೂ ಬಗೆ ಬಗೆ. ಮೂಗಿನಲ್ಲಿ ಬಂದರೆ ಮಾಡು ಎಂದರ್ಥ. ಗಂಟಲಿನಲ್ಲಿ ಬಂದರೆ, ಮಾಡು, ಆಮೇಲೆ ನೋಡ್ಕೋತೀನಿ ನಿನ್ನ. ಉದ್ದಕ್ಕೆ ಎಳೆದರೆ, ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ. ಮುಂದೊಂದು ‘ಊ’ ಸೇರಿಕೊಂಡಿತೋ, ಅಲ್ಲಿಗೆ ಮುಗಿಯಿತು. ಒಮ್ಮೆ ಎರಡನೇ ಲಾಂಡ್ರಿಯಲ್ಲಿ ಪೈಪು ಒಡೆದು ನೀರು ಮೊಣಕಾಲಿಗೆ ಬಂದಾಗ, ವಾಲ್ವಿನ ಪಕ್ಕದಲ್ಲೇ ಇದ್ದ ಆಸಾಮಿ ವಾಲ್ವು ತಿರುಗಿಸದೆ ಫೋನು ಕಿವಿಗೆ ಹಿಡಿದು ನಿಂತಿದ್ದ. ಅಕ್ಕನ ಫೋನು ಬಿಜಿ. ಆಕೆ ಆಗ ಮೊದಲನೇ ಲಾಂಡ್ರಿಗೆ ಹೊಸ ಪೊರಕೆ ಕೊಳ್ಳುವುದಕ್ಕೆ ‘ಹೂಂ’ ಹೇಳುತ್ತಿದ್ದಳು.

ನಾನು ತಮ್ಮ. ಇತಿಹಾಸ ಓದಿ ಬಂದವನು. ಗಿರಾಕಿಗಳ ಜೊತೆ ಮಾತಾಡುವುದು ನನ್ನ ಕೆಲಸ. ಎಲ್ಲರ ದನಿಯನ್ನೂ ಅನುಕರಿಸುತ್ತೇನೆಂದು ಲಾಂಡ್ರಿಯಲ್ಲಿ ನನಗೆ ಗಿಳಿ ಎಂದೇ ಹೆಸರು. ಡ್ರೈವರನ ಕೆಮ್ಮು, ಭಾವನ ನಿಟ್ಟುಸಿರು, ಬಾಯ್ಲರಿನ ಸೀಟಿ, ಎಲ್ಲಾ ಬರುತ್ತದೆ. ಅಕ್ಕನಂತೂ ಬಾಯಿಪಾಠ. ಆದರೆ ಲಾಂಡ್ರಿಯಲ್ಲಿ ಕಲೆಗೆ ಬೆಲೆಯಿಲ್ಲ. ಕಲೆ ಕಂಡರೆ ಉಜ್ಜಿ ತೆಗೆಯುವುದೇ ಅವರ ಕಸುಬು.

ಇಷ್ಟರಲ್ಲಿ ಆ ದೊಡ್ಡ ಆಸ್ಪತ್ರೆಯವರು ಇನ್ನಷ್ಟು ಶಾಖೆಗಳನ್ನು ತೆರೆದರು. ಎಲ್ಲ ಶಾಖೆಗಳ ಬಟ್ಟೆಯನ್ನೂ ಒಂದೇ ಕಡೆ ಕೊಡುವ ಯೋಚನೆ ಅವರದು. ನಿರ್ಧಾರ ದಾದಿಯರ ಮುಖ್ಯಸ್ಥೆ ಮೇಟ್ರನ್ ಕೈಯಲ್ಲಿತ್ತು. ಕಣ್ಣಿನಲ್ಲೇ ಜ್ವರ ಅಳೆಯುವಂಥ ಹೆಂಗಸು. ಆಕೆ ನಮ್ಮ ಲಾಂಡ್ರಿಯನ್ನು ಮೂಲೆ ಮೂಲೆ ಸುತ್ತಿ ನೋಡಿ ಕೊನೆಗೆ ಅಕ್ಕನನ್ನು ಒಂದೇ ಪ್ರಶ್ನೆ ಕೇಳಿದರು.

“ಎಲ್ಲಾ ಚೆನ್ನಾಗಿದೆ. ನೀವು ಇಲ್ಲದ ದಿನ ಯಾರು ನೋಡ್ಕೋತಾರೆ?”

“ನಾನು ಇಲ್ಲದ ದಿನವೇ ಇಲ್ಲ,” ಎಂದಳು ಅಕ್ಕ.

ಅವಳಿಗೆ ಅದು ಹೆಮ್ಮೆಯ ಮಾತು. ಮೇಟ್ರನ್ ಮುಖ ನೋಡಿದರೆ ಅವರಿಗೆ ಅದು ಕಾಯಿಲೆಯ ಲಕ್ಷಣದಂತೆ ಕೇಳಿಸಿತ್ತು. ಈ ತಿಂಗಳು ಪರೀಕ್ಷೆ ಎಂದರು. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಒಂದು ದಿನ ತಪ್ಪಿದರೂ ಮಾತು ಅಲ್ಲಿಗೇ ಮುಗಿಯಿತು ಎಂದರು.

ಆ ತಿಂಗಳಲ್ಲೇ ಅಕ್ಕನ ಹೊಟ್ಟೆನೋವು ಹೆಚ್ಚಾಯಿತು. ಪಿತ್ತಕೋಶದಲ್ಲಿ ಕಲ್ಲು ಎಂದರು ಡಾಕ್ಟರು. ಲಾಂಡ್ರಿಯವರ ಹೊಟ್ಟೆಯಲ್ಲಿ ಒಗೆಯುವ ಕಲ್ಲಲ್ಲದೆ ವಜ್ರ ಇರುತ್ತದೆಯೇ ಎಂದು ನಾನು ಅಂದದ್ದಕ್ಕೆ ಅಕ್ಕ ನನ್ನನ್ನೇ ಒಗೆಯಲು ಬಂದಳು. ಆಪರೇಷನ್ ಮುಂದೂಡುವ ಹಾಗಿರಲಿಲ್ಲ. ಅದೂ ಅದೇ ಆಸ್ಪತ್ರೆಯಲ್ಲಿ, ನಮ್ಮದೇ ಬಟ್ಟೆಯ ಮೇಲೆ ಮಲಗಿ. ಲಾಂಡ್ರಿಯಲ್ಲಿ ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿದಳು. ನಾನು ಮಲಗಿದೆ ಅಂತ ಗೊತ್ತಾದರೆ ಮೆಷಿನ್ನುಗಳೂ ಮಲಗುತ್ತವೆ ಎನ್ನುವುದು ಅವಳ ಲೆಕ್ಕ. ದೊಡ್ಡ ಮೀಟಿಂಗಿದೆ, ಸಾಯಂಕಾಲ ಮಾತಾಡುತ್ತೇನೆ ಎಂದು ಎಲ್ಲರಿಗೂ ಹೇಳಿಬಿಟ್ಟಳು.

ಆ ಬೆಳಿಗ್ಗೆ ಅವಳನ್ನು ಗಾಲಿ ಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ಕೂಡ ಮೈಮೇಲೆ ಹೊದಿಸಿದ್ದ ಬಟ್ಟೆಯ ಅಂಚು ತಿರುಗಿಸಿ, ಇಸ್ತ್ರಿ ಸರಿಯಾಗಿ ಬಿದ್ದಿಲ್ಲ ಎಂದಳು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು.

“ಯಾರು ಮಾಡಿದ್ರೂ ಎತ್ಬೇಡ. ನಾನೇ ಎದ್ದು ಮಾತಾಡ್ತೀನಿ.”

ಥಿಯೇಟರಿನ ಬಾಗಿಲು ಮುಚ್ಚಿತು. ಭಾವ ನಿಟ್ಟುಸಿರು ಬಿಟ್ಟು, ಟೀ ತರುತ್ತೇನೆಂದು ಹೊರಟರು. ನನ್ನ ಭಾವ ಮಾತಿನಲ್ಲಿ ಬಹಳ ಮಿತವ್ಯಯಿ. ಮನೆಯ ಮಾತನ್ನೆಲ್ಲ ಅಕ್ಕನೇ ಖರ್ಚು ಮಾಡುವುದರಿಂದ ಅವರಿಗೆ ಉಳಿಯುವುದೂ ಕಡಿಮೆ.

ಫೋನು ರಿಂಗಾಯಿತು. ನಾನು ಎತ್ತಲಿಲ್ಲ. ಮತ್ತೆ ರಿಂಗಾಯಿತು. ಮೂರನೇ ಸಲ ಎತ್ತಿದೆ. ಬಾಯ್ಲರ್ ನೋಡಿಕೊಳ್ಳುವ ಹಿರಿಯರು. ನಾವೆಲ್ಲ ಅವರನ್ನು ಹಬೆ ಮಾಮ ಎನ್ನುತ್ತೇವೆ. ನನ್ನ ದನಿ ಕೇಳಿದ್ದೇ, ಗಿಳೀನಾ, ಅಕ್ಕಂಗೆ ಕೊಡಪ್ಪ ಎಂದರು. ಅಕ್ಕ ಮೀಟಿಂಗಿನಲ್ಲಿದ್ದಾಳೆ, ನನಗೇ ಹೇಳಿ ಎಂದರೆ ಒಪ್ಪಲಿಲ್ಲ. ಬಾಯ್ಲರಿಗೆ ನೀರು ಹಾಯಿಸುವ ಪಂಪು ಕೆಟ್ಟಿದೆ, ಗಾಜಿನ ನಳಿಕೆಯಲ್ಲಿ ನೀರು ಇಳಿಯುತ್ತಿದೆ, ಬೆಂಕಿ ಉರಿಯುತ್ತಿದೆ, ಅಕ್ಕನ ‘ಹೂಂ’ ಬೇಕು. ಹುಡುಗಾಟ ಬೇಡ, ಅಕ್ಕಂಗೇ ಕೊಡು.

ಬಾಯ್ಲರಿನ ವಿಷಯದಲ್ಲಿ ನನ್ನ ವಿದ್ಯೆ ಅಷ್ಟಕ್ಕಷ್ಟೆ. ಇತಿಹಾಸದಲ್ಲಿ ಬಾಯ್ಲರ್ ಬರುವುದು ಸಿಡಿದ ಮೇಲೆ. ಆದರೆ ನೀರಿಲ್ಲದ ಪಾತ್ರೆಯ ಕೆಳಗೆ ಬೆಂಕಿ ಇರಬಾರದೆಂದು ಯಾರಿಗೆ ಗೊತ್ತಿಲ್ಲ? ಹಬೆ ಮಾಮನಿಗೆ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಆದರೂ ಅವರು ನಿಂತಿದ್ದಾರೆ. ಅಕ್ಕ ಇನ್ನು ಮಧ್ಯಾಹ್ನದವರೆಗೆ ಏಳುವವಳಲ್ಲ.

ಎದ್ದು ಮೆಟ್ಟಿಲ ಮೂಲೆಗೆ ಹೋದೆ. ಅಕ್ಕ ಯಾರನ್ನಾದರೂ ಕಾಯಿಸಿ ಫೋನು ತೆಗೆದುಕೊಂಡರೆ ಮೊದಲು ಒಂದು ಉಸಿರು ಬಿಡುತ್ತಾಳೆ. ಆ ಉಸಿರು ಬಿಟ್ಟು, ಅವಳ ದನಿಯಲ್ಲೇ, ಹೇಳಿ ಮಾಮ ಎಂದೆ.

ಅವರು ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಿದರು. ಬೆಂಕಿ ಆರಿಸಲೇ, ಬೇಡವೇ ಎಂದು ಕೇಳಿದರು. ‘ಹೂಂ’ ಎನ್ನಬೇಕೆಂದು ಬಾಯಿ ತೆರೆದವನಿಗೆ ಯಾವ ‘ಹೂಂ’ ಎಂದೇ ಹೊಳೆಯಲಿಲ್ಲ. ಮೂಗಿನದೋ, ಗಂಟಲಿನದೋ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಬೇರೆ.

“ನಿಮಗೇನು ಅನ್ಸುತ್ತೆ ಮಾಮ?”

ನನಗಾ, ಎಂದು ಸಣ್ಣಗೆ ಕೇಳಿಸಿತು. ಹೌದು, ನಿಮಗೇ. ಅವರಿಗೆ ಏನನ್ನಿಸುತ್ತದೆಂದು ಅವರನ್ನು ಆ ಶೆಡ್ಡಿನಲ್ಲಿ ಯಾರೂ ಕೇಳಿದ್ದೇ ಇಲ್ಲ. ತಡವರಿಸಿ, ಬೆಂಕಿ ಆರಿಸಬೇಕು ಅನ್ನಿಸುತ್ತೆ, ಪಂಪಿನ ಫಿಟ್ಟರನ್ನು ಕರೆಸಬೇಕು ಅನ್ನಿಸುತ್ತೆ, ಸಾಮಾನು ಬಂದು ಸರಿಯಾಗಲು ನಾಳೆ ಸಂಜೆ ಆಗುತ್ತೆ ಅನ್ನಿಸುತ್ತೆ ಎಂದರು. ಹಾಗಾದರೆ ಮಾಡಿ, ಆಮೇಲೆ ಹೇಳಿದರೆ ಸಾಕು ಎಂದೆ.

“ಅಮ್ಮಾ, ನಿಮಗೆ ಮೈಯಲ್ಲಿ ಹುಷಾರಿದೆ ತಾನೆ?” ಎಂದು ಕೇಳಿ ಫೋನಿಟ್ಟರು.

ನಾನು ತಿರುಗುವಷ್ಟರಲ್ಲಿ ಹಿಂದೆ ಏನೋ ಬಿದ್ದ ಸದ್ದು. ಭಾವ. ಎರಡೂ ಲೋಟದ ಟೀ ನೆಲದ ಮೇಲೆ. ಒಳಗೆ ಮಂಚದ ಮೇಲೆ ಎಚ್ಚರ ತಪ್ಪಿ ಮಲಗಿರುವ ಹೆಂಡತಿ ಮೆಟ್ಟಿಲ ಮೂಲೆಯಿಂದ ಮಾತಾಡುವುದು ಕೇಳಿದರೆ ಎಂಥ ಗಂಡನ ಎದೆಯೂ ಧಸಕ್ಕೆನ್ನಬೇಕು. ಅವರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ವಿಷಯ ಹೇಳಿದೆ. ಬಹಳ ಹೊತ್ತು ಯೋಚಿಸಿ, ಅವಳು ಏಳೋ ಹೊತ್ತಿಗೆ ನಾನು ಇಲ್ಲಿರಲ್ಲ, ಎಂದರು.

ಆಮೇಲೆ ಫೋನು ಮಾಡಿದವಳು ಗಂಟಕ್ಕ. ಒಗೆದ ಬಟ್ಟೆಯನ್ನು ಗಂಟು ಕಟ್ಟಿ ಆಸ್ಪತ್ರೆಗೆ ಕಳಿಸುವ ಹೊಣೆ ಅವಳದು. ಗಂಟು ಕಟ್ಟುವಷ್ಟೇ ಬಿಗಿಯಾಗಿ ಮುಖವನ್ನೂ ಕಟ್ಟಿಕೊಂಡಿರುತ್ತಾಳೆ. ಥಿಯೇಟರಿನ ಹಸಿರು ಬಟ್ಟೆ ಒಗೆದಾಗಿದೆ, ಆದರೆ ಒದ್ದೆಯಾಗಿ ಬುಟ್ಟಿಗಳಲ್ಲಿ ಕೂತಿದೆ. ಹಬೆಯಿಲ್ಲದೆ ಒಣಗಿಸುವ ಮೆಷಿನ್ನೂ ಇಲ್ಲ, ಇಸ್ತ್ರಿಯೂ ಇಲ್ಲ. ಎರಡನೇ ಲಾಂಡ್ರಿಯ ಮೆಷಿನ್ನುಗಳು ಚಿಕ್ಕವು, ಅವೂ ಹಾಸಿಗೆ ಬಟ್ಟೆ ತುಂಬಿಕೊಂಡು ಕೂತಿವೆ. ಮಧ್ಯಾಹ್ನ ಮುಗಿಯುವುದರೊಳಗೆ ಬಟ್ಟೆ ಆಸ್ಪತ್ರೆಯಲ್ಲಿ ಇರದಿದ್ದರೆ ಮೇಟ್ರನ್ನಮ್ಮನ ಪರೀಕ್ಷೆಯಲ್ಲಿ ನಾವು ಫೇಲು. ಏನು ಮಾಡಲಿ ಅಕ್ಕ?

ಒಮ್ಮೆ ಕೆಲಸ ಮಾಡಿದ ಮದ್ದನ್ನು ಯಾರು ಬಿಡುತ್ತಾರೆ. ನಿನಗೇನು ಅನ್ನಿಸುತ್ತೆ ಎಂದೆ.

ಗಂಟಕ್ಕನಿಗೆ ಅನ್ನಿಸುವುದು ಮೊದಲೇ ಅನ್ನಿಸಿತ್ತು. ಬಾಯಿ ಬಿಡಲು ಧೈರ್ಯ ಇರಲಿಲ್ಲ ಅಷ್ಟೆ. ಬೈಯಲ್ಲ ಅಂದರೆ ಹೇಳುತ್ತೇನೆ ಎಂದಳು. ನಮ್ಮ ಊರಿನಲ್ಲಿ ಆ ಹೊತ್ತಿಗೆ ಬಿಡುವಾಗಿರುವ ದೊಡ್ಡ ಬಾಯ್ಲರ್ ಇರುವುದು ಒಂದೇ ಕಡೆ. ಹೋಟೆಲುಗಳ ಬಟ್ಟೆ ಬೆಳಿಗ್ಗೆಯೇ ಮುಗಿಸಿ ಕೂರುವ ಲಾಂಡ್ರಿ. ಯಜಮಾನ ನಮ್ಮ ದೊಡ್ಡಪ್ಪನ ಮಗ, ಗಂಜಿಯಣ್ಣ.

ಅಂಗಿಗೆ ಹಾಕುವ ಗಂಜಿ ಕತ್ತಿಗೂ ಏರಿದೆ ಎಂದು ಆ ಹೆಸರಿಟ್ಟವಳು ಅಕ್ಕನೇ. ಹಿಂದಿನ ಕೋಣೆಯ ದಿನಗಳಲ್ಲಿ ಅಣ್ಣ ಇಸ್ತ್ರಿ ಮಾಡಿ ಮಡಿಸಿಟ್ಟ ಪ್ರತಿಯೊಂದು ಬಟ್ಟೆಯನ್ನೂ ಅಕ್ಕ ಬಿಚ್ಚಿ ಮತ್ತೆ ಇಸ್ತ್ರಿ ಮಾಡುತ್ತಿದ್ದಳು. ಸುಕ್ಕಿದ್ದರೆ ಸರಿ. ಇರುತ್ತಿರಲಿಲ್ಲ. ಕೈ ತಡೆಯದೆ ಮಾಡುತ್ತಿದ್ದಳು. ಒಂದು ದಿನ ಅಣ್ಣ ಇಸ್ತ್ರಿಪೆಟ್ಟಿಗೆಯನ್ನು ಅವಳ ಮುಂದಿಟ್ಟು, ಎಲ್ಲಾ ನೀನೇ ಮಾಡೋದಾದ್ರೆ ನಾನ್ಯಾಕೆ ಎಂದು ಹೊರಟುಹೋದ. ಅಂದಿನಿಂದ ಇಬ್ಬರೂ ಮದುವೆ ಮನೆಯಲ್ಲಿ ಎದುರಾದರೆ ಕಂಬಗಳ ಹಾಗೆ ನಿಲ್ಲುತ್ತಿದ್ದರು.

ನಿನಗೆ ಸರಿ ಅನ್ನಿಸಿದರೆ ಕೇಳು ಎಂದೆ. ಗಂಟಕ್ಕ ಕೇಳಿದಳು. ಅವನು ಒಂದೇ ಮಾತಿನಲ್ಲಿ, ನಿಮ್ಮ ಯಜಮಾನಿಗೆ ಬಾಯಿಲ್ವಾ ಅಂದನಂತೆ. ಈ ಮಾತು ನನ್ನ ಕಿವಿಗೆ ಬಿದ್ದಾಗ ಒಳಗೆ ಡಾಕ್ಟರು ಅಕ್ಕನ ಕಲ್ಲು ತೆಗೆಯುತ್ತಿದ್ದರು. ನನ್ನ ಹೊಟ್ಟೆಯೊಳಗೆ ಒಂದು ಹೊಸದಾಗಿ ಕೂತ ಹಾಗಾಯಿತು.

ಗಂಜಿಯಣ್ಣನಿಗೆ ಫೋನು ಮಾಡಿದೆ. ಅಕ್ಕನ ದನಿಯಲ್ಲಿ ವಿಷಯ ಹೇಳಿದೆ. ಅವನು ಪೂರ್ತಿ ಕೇಳಿದ. ಬಟ್ಟೆ ಒಣಗಿಸಿ ಇಸ್ತ್ರಿ ಮಾಡಿ ಕೊಡೋಕೆ ನನಗೇನೂ ತೊಂದ್ರೆ ಇಲ್ಲ ಎಂದ. ಆಮೇಲೆ ಅವನ ದನಿ ಬದಲಾಯಿತು.

“ಆದ್ರೆ ನಾನು ಮಾಡಿದ್ದನ್ನ ನೀನು ಮತ್ತೆ ಬಿಚ್ಚಿ ಮಾಡ್ತೀಯಲ್ಲ. ಆವಾಗ ಮಾಡಿದ ಹಾಗೆ.”

ಅವನು ಹಬೆಗೆ ಬೆಲೆ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಏನೆಂದು ನನಗೆ ಗೊತ್ತಿತ್ತು. ಅಕ್ಕ ಎಂದೂ ಅದನ್ನು ಹೇಳುವವಳಲ್ಲ ಎಂಬುದೂ ಗೊತ್ತಿತ್ತು. ಆದರೆ ದನಿ ಅವಳದಾದರೂ ನಾಲಗೆ ನನ್ನದಲ್ಲವೇ.

“ಅಣ್ಣಾ, ನಿನ್ನ ಇಸ್ತ್ರಿ ಮೇಲೆ ನಾನು ಇಸ್ತ್ರಿ ಮಾಡ್ಬಾರ್ದಿತ್ತು. ತಪ್ಪಾಯ್ತು.”

ಅವನು ಮೂಗೆಳೆದುಕೊಂಡದ್ದು ಕೇಳಿಸಿತು. ವ್ಯಾನು ಕಳಿಸಬೇಡ, ನನ್ನದೇ ವ್ಯಾನು ಬರುತ್ತೆ, ನಾನೇ ಜೊತೆಗೆ ಬರುತ್ತೇನೆ ಎಂದ. ನಾಟಕ ಇಷ್ಟು ಚೆನ್ನಾಗಿ ಆಡಬಾರದಿತ್ತೇನೋ ಎಂದು ಆಗ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ.

ಅಷ್ಟರಲ್ಲಿ ಲಾಂಡ್ರಿಯಲ್ಲಿ ಸುದ್ದಿ ಹಬ್ಬಿತ್ತು: ಅಕ್ಕ ಇವತ್ತು ಎಲ್ಲರನ್ನೂ ನಿನಗೇನು ಅನ್ನಿಸುತ್ತೆ ಅಂತ ಕೇಳ್ತಿದ್ದಾರೆ. ಫೋನಿನ ಮೇಲೆ ಫೋನು. ಗೇಟು ಕಾಯುವವರು ಮಾಡಿ, ನನಗೆ ಒಂದು ಕುರ್ಚಿ ಬೇಕು ಅನ್ನಿಸುತ್ತೆ ಅಮ್ಮ ಎಂದರು. ಪಾಪ, ಲಾಂಡ್ರಿ ಶುರುವಾದಾಗಿನಿಂದ ನಿಂತೇ ಇದ್ದರು. ತಗೊಳ್ಳಿ ಎಂದೆ. ಡ್ರೈವರು, ಮಾರ್ಕೆಟ್ ದಾರಿ ಬಿಟ್ಟು ಸುತ್ತಿ ಹೋಗೋಣ ಅನ್ನಿಸುತ್ತೆ ಎಂದ. ಹೋಗು ಎಂದೆ. ಹಾಗೆ ಸುತ್ತಿ ಹೋದವನು ರಸ್ತೆ ಅಗೆದ ಕಡೆ ಸಿಕ್ಕಿಹಾಕಿಕೊಂಡು, ಹಾಸಿಗೆ ಬಟ್ಟೆಯ ಗಂಟನ್ನು ತಾನೇ ಹೊತ್ತು ಆಸ್ಪತ್ರೆಯ ಹಿಂದಿನ ಬಾಗಿಲಿಗೆ ಬಂದ. ಅವನಿಗೆ ಅನ್ನಿಸಿದ್ದು ತಪ್ಪು. ಆದರೆ ಆ ತಪ್ಪನ್ನು ತಿದ್ದುವುದು ಹೇಗೆಂದು ಕೇಳಲು ಅವನು ಫೋನು ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನು ರಿಂಗಾಗುವುದೇ ನಿಂತಿತು. ನನಗೇ ಬೇಜಾರಾಯಿತು. ಕಲಾವಿದನಿಗೆ ಸಭೆ ಖಾಲಿಯಾದ ಹಾಗೆ.

ಹಸಿರು ಬಟ್ಟೆ ಹೊತ್ತಿಗೆ ಸರಿಯಾಗಿ ಬಂತು. ಮಡಿಕೆಗಳು ಕತ್ತಿಯ ಹಾಗೆ. ಗಂಟಕ್ಕ ಎಣಿಸಿ ಒಪ್ಪಿಸುವಾಗ ಮೇಟ್ರನ್, ನಿಮ್ಮ ಯಜಮಾನಿ ಎಲ್ಲಿ ಎಂದು ಕೇಳಿದರಂತೆ. ದೊಡ್ಡ ಮೀಟಿಂಗಿನಲ್ಲಿದ್ದಾರೆ ಎಂದಳಂತೆ ಗಂಟಕ್ಕ. ಆಗಷ್ಟೇ ವಾರ್ಡಿನಲ್ಲಿ ಅಕ್ಕನ ನಾಡಿ ನೋಡಿ ಬಂದಿದ್ದ ಮೇಟ್ರನ್, ಹೌದು, ಬಹಳ ಗಾಢವಾದ ಮೀಟಿಂಗು ಎಂದರಂತೆ.

ಸಾಯಂಕಾಲ ಅಕ್ಕ ಪೂರ್ತಿ ಎಚ್ಚರವಾಗಿ, ದಿಂಬಿಗೆ ಒರಗಿ ಮೊದಲು ಕೇಳಿದ್ದು ಫೋನು. ರಿಂಗಾಗುತ್ತಿಲ್ಲ ಯಾಕೆ, ಸತ್ತಿದೆಯಾ ಎಂದಳು. ಅಷ್ಟರಲ್ಲಿ ಮೇಟ್ರನ್ನೇ ಒಳಗೆ ಬಂದರು. ಅಕ್ಕ ಹೊದಿಕೆಯೊಳಗೆ ಮುಖ ಮುಚ್ಚಿಕೊಳ್ಳಲು ನೋಡಿದಳು, ಗುಟ್ಟು ರಟ್ಟಾಗಿತ್ತು.

“ನೀವು ಇಲ್ಲದ ದಿನ ಹೇಗಿರುತ್ತೆ ಅಂತ ಇವತ್ತು ನೋಡಿದೆ,” ಎಂದರು ಮೇಟ್ರನ್. “ನಿಮ್ಮ ಬಾಯ್ಲರ್ ನಿಂತಿದೆಯಂತೆ, ಆದರೂ ಬಟ್ಟೆ ಬಂತು. ನಾಳೆಗೆ ತಿಂಗಳು ಮುಗಿಯುತ್ತೆ, ನಾಳೆಯೂ ಹೀಗೇ ಬಂದರೆ ಎಲ್ಲ ಶಾಖೆಗಳೂ ನಿಮಗೇ.”

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಬಾಯ್ಲರ್ ನಿಂತಿದೆಯಾ ಎಂದಳು. ಹೇಳಿದೆ. ಪಂಪು, ಬೆಂಕಿ, ಮೆಟ್ಟಿಲ ಮೂಲೆ, ಅವಳ ದನಿ, ಎಲ್ಲರನ್ನೂ ನಿಮಗೇನು ಅನ್ಸುತ್ತೆ ಎಂದು ಕೇಳಿದ್ದು. ಗಂಜಿಯಣ್ಣನ ಹಬೆಯನ್ನು ಗಂಟಕ್ಕನ ಲೆಕ್ಕಕ್ಕೆ ಹಾಕಿ, ತಪ್ಪಾಯ್ತು ಅಂದದ್ದೊಂದನ್ನು ನುಂಗಿಕೊಂಡೆ. ಅವಳು ರೇಗಲಿಲ್ಲ. ಅದೇ ಭಯವಾಯಿತು. ನನ್ನ ದನಿಯಲ್ಲಿ ಹಾಗೆ ಕೇಳಿದರೆ ಯಾರಿಗೂ ಅನುಮಾನ ಬರಲಿಲ್ಲವಾ ಎಂದಳು. ಬಂತು, ಎಲ್ಲರೂ ನಿನಗೆ ಹುಷಾರಿಲ್ಲ ಅಂದುಕೊಂಡರು ಎಂದೆ.

ಆಗ ಬಾಗಿಲಲ್ಲಿ ಗಂಜಿಯಣ್ಣ, ಅವನ ಬೆನ್ನಿಗೇ ಭಾವ. ಕೆಳಗೆ ಭಾವ ಸಿಕ್ಕಿ ಎಲ್ಲಾ ಹೇಳಿದ್ದರು ಎಂದರೆ ಸುಳ್ಳಾಗುತ್ತದೆ. ಆಪರೇಷನ್ ಆಗಿದೆ ಎಂದೂ ರೂಮಿನ ನಂಬರನ್ನೂ ಅಷ್ಟೇ ಹೇಳಿದ್ದರು. ಕೈಯಲ್ಲಿ ಹಣ್ಣಿನ ಚೀಲ, ಕಣ್ಣಂಚಿನಲ್ಲಿ ನೀರು. ಹೊಟ್ಟೆ ಕೊಯ್ಯಿಸಿಕೊಳ್ಳುವ ದಿನವೂ ನನಗೆ ಫೋನು ಮಾಡಿದೆಯಲ್ಲ ತಾಯಿ ಎಂದು ಮಂಚದ ಪಕ್ಕ ಕೂತ.

“ನೀನು ತಪ್ಪಾಯ್ತು ಅಂದ್ಯಲ್ಲ, ನನಗೆ ಅಷ್ಟು ಸಾಕು.”

“ಯಾರು ಅಂದಿದ್ದು?”

“ನೀನೇ. ಬೆಳಿಗ್ಗೆ.”

“ಬೆಳಿಗ್ಗೆ ತೆರೆದಿದ್ದು ನನ್ನ ಹೊಟ್ಟೆ. ಬಾಯಲ್ಲ.”

ಭಾವ ಫ್ಯಾನು ನೋಡತೊಡಗಿದರು. ಗಂಜಿಯಣ್ಣ ನನ್ನನ್ನು ನೋಡಿದ. ನನ್ನ ಕಸುಬು ಅವನಿಗೂ ಗೊತ್ತು. ಅವನ ಮುಖದ ಗಂಜಿ ಒಂದೊಂದೇ ಮಡಿಕೆಯಾಗಿ ಇಳಿಯಿತು. ಅಂದ್ರೆ ನೀನು ಹೇಳಲೇ ಇಲ್ಲ, ಎಂದು ಎದ್ದ. ಚೀಲವನ್ನು ಎತ್ತಿಕೊಳ್ಳಲು ಹೋಗಿ, ಬಿಟ್ಟ. ನಾಳೆಯ ಬಟ್ಟೆಗೂ ಅವನ ಹಬೆಯೇ ಗತಿ. ಪಂಪಿನ ಸಾಮಾನು ಬರುವುದು ನಾಳೆ ಸಂಜೆಗೆ. ಅವನು ಆ ಬಾಗಿಲು ದಾಟಿದರೆ ಶಾಖೆಗಳೂ ದಾಟಿದ ಹಾಗೆ.

“ನಿಲ್ಲು,” ಎಂದಳು ಅಕ್ಕ. ಅವನಿಗಲ್ಲ, ನನಗೆ, ನಾನೂ ಬಾಗಿಲ ಕಡೆ ಸರಿಯುತ್ತಿದ್ದೆ. “ಏನಂದೆ ನೀನು? ಅದೇ ದನಿಯಲ್ಲಿ ಹೇಳು. ಇಲ್ಲೇ.”

ಬೇರೆ ದಾರಿ ಇರಲಿಲ್ಲ. ಉಸಿರು ಬಿಟ್ಟೆ. ಹೇಳಿದೆ. ಅಣ್ಣಾ, ನಿನ್ನ ಇಸ್ತ್ರಿ ಮೇಲೆ ನಾನು ಇಸ್ತ್ರಿ ಮಾಡ್ಬಾರ್ದಿತ್ತು, ತಪ್ಪಾಯ್ತು.

ಅಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವ ಹಾಗೆ ತಲೆ ಓರೆ ಮಾಡಿ ಕೇಳಿದಳು. ಮುಖ ಸಿಂಡರಿಸಿದಳು. ಒಂದೂ ಸರಿಯಿಲ್ಲ ಎಂದಳು. ನಾನು ಮೊದಲೇ ಅಣ್ಣಾ ಅಂತ ಕೂಗಲ್ಲ. ಅಷ್ಟು ಮೆತ್ತಗೂ ಹೇಳಲ್ಲ. ಮಾತೂ ಅರ್ಧಂಬರ್ಧ.

“ಸರಿಯಾಗಿ ಕೇಳಿಸ್ಕೋ.” ದಿಂಬಿನಿಂದ ಸ್ವಲ್ಪ ಎದ್ದು ಗಂಜಿಯಣ್ಣನ ಕಡೆ ತಿರುಗಿದಳು. “ನನ್ನದೇ ತಪ್ಪು ಕಣಣ್ಣ. ನೀನು ಮಾಡಿದ್ದು ಚೆನ್ನಾಗೇ ಇತ್ತು. ಸುಕ್ಕೇ ಇರ್ತಿರ್ಲಿಲ್ಲ. ನನಗೇ ಕೈ ಸುಮ್ನಿರ್ತಿರ್ಲಿಲ್ಲ.”

ಹೇಳಿ ಮುಗಿಸಿ, ಹೀಗೆ, ಎನ್ನುವಂತೆ ನನ್ನತ್ತ ನೋಡಿದಳು. ತಾನು ಏನು ಹೇಳಿದೆ ಎಂಬುದು ಅವಳಿಗೆ ಇನ್ನೂ ತಲುಪಿರಲಿಲ್ಲ. ಗಂಜಿಯಣ್ಣ ನನ್ನ ತುಟಿಯನ್ನೂ ಅವಳ ತುಟಿಯನ್ನೂ ಒಂದೊಂದು ಸಲ ನೋಡಿದ.

“ಇದು ಅಸಲಾ, ನಕಲಾ?”

“ಅಸಲು,” ಎಂದರು ಭಾವ, ಫ್ಯಾನಿನಿಂದ ಕಣ್ಣು ತೆಗೆಯದೆ. “ನಕಲು ಇದಕ್ಕಿಂತ ಚೆನ್ನಾಗಿತ್ತು.”

ಮೊದಲು ನಕ್ಕವನು ನಾನು. ಆಮೇಲೆ ಗಂಜಿಯಣ್ಣ, ಕೆಮ್ಮುತ್ತಾ. ಅಕ್ಕ ನಮ್ಮನ್ನು ದುರುಗುಟ್ಟಿ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡಳು, ಈಗ ತಲುಪಿತ್ತು. ಗಂಜಿಯಣ್ಣ ಕಣ್ಣೊರೆಸಿಕೊಳ್ಳುತ್ತಾ, ನಾಳೆ ಬಟ್ಟೆ ಎಷ್ಟು ಹೊತ್ತಿಗೆ ಕಳಿಸ್ತೀಯ ಎಂದ. ಅವಳು ಹೇಳಲು ಹೋದಳು, ಮಾತಿನ ಬದಲು ನಗು ಉಕ್ಕಿತು. ಗಂಟಕ್ಕನ್ನ ಕೇಳು, ಅವಳಿಗೇ ಗೊತ್ತು ಎಂದು ಹೇಗೋ ಅಂದಳು. ಅಷ್ಟೇ. ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿದು, ಅಯ್ಯೋ ನೋಯುತ್ತೆ, ನಗಿಸಬೇಡ್ರೋ ಎನ್ನುತ್ತಾ, ಪಕ್ಕದ ವಾರ್ಡಿನ ನರ್ಸು ಓಡಿಬಂದು ತುಟಿಯ ಮೇಲೆ ಬೆರಳಿಟ್ಟರೂ ನಿಲ್ಲಿಸದೆ, ನಮ್ಮೆಲ್ಲರ ನಗುವನ್ನೂ ಮುಳುಗಿಸಿ ಅಕ್ಕ ನಗುತ್ತಲೇ ಇದ್ದಳು.